ನಾಯಿ ಹಿಡಿದು ನಡೆಯೋದನ್ನೂ ಕಲಿಯಬೇಕು: ಕಣ್ಣಿಲ್ಲದ ಇನ್ಶೂರೆನ್ಸ್ ಏಜೆಂಟ್ ಮಾರಿಸ್ ಫ್ರಾಂಕ್ ಕಥೆ

ಇನ್ಶೂರೆನ್ಸ್ ಮಾರೋರಿಗೆ ಕಾಲೇ ಬಂಡವಾಳ. ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ತಿರುಗದಿದ್ದರೆ ತಿಂಗಳಿಗೆ ಒಂದು ಪಾಲಿಸಿಯೂ ಆಗಲ್ಲ. ಅಂಥಾ ಕೆಲಸವನ್ನ ಎರಡೂ ಕಣ್ಣು ಕಳೆದುಕೊಂಡ ಯುವಕನೊಬ್ಬ ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಲ್ಲಿ ಮಾಡ್ತಿದ್ದ. ಹೆಸರು ಮಾರಿಸ್ ಫ್ರಾಂಕ್. ಅಮೆರಿಕದಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳ ಪರಂಪರೆ ಶುರುವಾಗಿದ್ದೇ ಇವರಿಂದ.

ಇವತ್ತು ಎಷ್ಟೋ ಜನ ಮೊಬೈಲ್‌ನಲ್ಲಿ ನಾಯಿಗಳ ವಿಡಿಯೋ ನೋಡಿ, ನಮ್ಮ ನಾಯಿಗೂ ಹೀಗೇ ಕಲಿಸಿಬಿಡೋಣ, ಮನೇಲಿರೋ ಅಜ್ಜನಿಗೆ ಆಸರೆ ಆಗುತ್ತೆ ಅಂತ ಹೊರಡ್ತಾರೆ. ಎರಡು ವಾರ ಆದ ಮೇಲೆ ನಾಯಿಗೂ ಬೇಜಾರು, ಕಲಿಸೋರಿಗೂ ಬೇಜಾರು. ಅಂಥವರು ಮಾರಿಸ್ ಫ್ರಾಂಕ್ ಅವರ ಜೀವನವನ್ನ ಒಮ್ಮೆ ಓದಬೇಕು. ನಾಯಿಯಿಂದ ಏನು ಸಾಧ್ಯ, ಏನು ಸಾಧ್ಯ ಇಲ್ಲ, ಎಷ್ಟು ಕಾಯಬೇಕು ಅನ್ನೋದು ಅದರಲ್ಲಿ ಸ್ಪಷ್ಟವಾಗಿ ಸಿಗುತ್ತೆ.

ಒಂದೊಂದೇ ಕಣ್ಣು ಹೋಯ್ತು

ಮಾರಿಸ್ ಫ್ರಾಂಕ್ ಹುಟ್ಟಿದ್ದು 1908ರ ಮಾರ್ಚ್ 23ರಂದು. ತಾಯಿಗೆ ಕಣ್ಣು ಕಾಣ್ತಿರಲಿಲ್ಲ. ಚಿಕ್ಕ ಹುಡುಗ ಮಾರಿಸ್ ಅಮ್ಮನ ಕೈ ಹಿಡಿದು ದಾರಿ ತೋರಿಸ್ತಿದ್ದ. ಆರನೇ ವಯಸ್ಸಿನಲ್ಲಿ ಕುದುರೆ ಮೇಲೆ ಹೋಗ್ತಿದ್ದಾಗ ಮರದ ಕೊಂಬೆ ಬಡಿದು ಬಲಗಣ್ಣು ಹೋಯ್ತು. ಹದಿನಾರನೇ ವಯಸ್ಸಿನಲ್ಲಿ ಗೆಳೆಯನ ಜೊತೆ ಬಾಕ್ಸಿಂಗ್ ಆಡುವಾಗ ಪೆಟ್ಟು ಬಿದ್ದು ಎಡಗಣ್ಣೂ ಹೋಯ್ತು. ಅಮ್ಮನಿಗೆ ದಾರಿ ತೋರಿಸ್ತಿದ್ದ ಹುಡುಗನಿಗೆ ಈಗ ಬೇರೆಯವರು ದಾರಿ ತೋರಿಸಬೇಕಾಯ್ತು.

ಆದ್ರೂ ಓದು ಬಿಡಲಿಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದರು, ಜೊತೆಗೆ ಇನ್ಶೂರೆನ್ಸ್ ಮಾರಾಟಕ್ಕೂ ಇಳಿದರು. ಕೈ ಹಿಡಿದು ಕರೆದುಕೊಂಡು ಹೋಗೋಕೆ ಸಂಬಳ ಕೊಟ್ಟು ಒಬ್ಬ ಹುಡುಗನನ್ನ ಇಟ್ಟುಕೊಂಡಿದ್ದರು. ಸಂಬಳದ ಹುಡುಗ ಅಂದ್ರೆ ಗೊತ್ತಲ್ಲ, ಮನಸ್ಸಿದ್ದ ದಿನ ಬರ್ತಾನೆ, ಇಲ್ಲದ ದಿನ ಇಲ್ಲ. ಗಿರಾಕಿ ಹತ್ತಿರ ಮಾತಾಡ್ತಿರುವಾಗಲೇ ಅವನಿಗೆ ಬೇಸರ ಬಂದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಕ್ಷೌರದಂಗಡಿಗೆ ಹೋಗೋದಕ್ಕೂ ಮನೆಯವರು ಬಿಟ್ಟು ಬರಬೇಕು, ಮುಗಿದ ಮೇಲೆ ಯಾರಾದ್ರೂ ಬಂದು ಕರೆದುಕೊಂಡು ಹೋಗೋ ತನಕ ಗಂಟೆಗಟ್ಟಲೆ ಕೂತಿರಬೇಕು. ದುಡಿಯುವ ತಾಕತ್ತು ಇತ್ತು, ಮಾತಿನ ಚಾತುರ್ಯವೂ ಇತ್ತು. ಸ್ವಂತ ಇಷ್ಟದಂತೆ ಬಾಗಿಲು ದಾಟಿ ಹೋಗುವ ಸ್ವಾತಂತ್ರ್ಯ ಮಾತ್ರ ಇರಲಿಲ್ಲ.

ಅಪ್ಪ ಓದಿ ಹೇಳಿದ ಲೇಖನ

1927ರ ನವೆಂಬರ್ 5ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಡೊರೊಥಿ ಹ್ಯಾರಿಸನ್ ಯೂಸ್ಟಿಸ್. ಅಮೆರಿಕದವರೇ ಆದ್ರೂ ಅವರು ಆಗ ಇದ್ದದ್ದು ಸ್ವಿಟ್ಜರ್ಲೆಂಡಿನ ವೆವೇ ಊರಿನ ಮೇಲಿನ ಮೋಂ ಪೆಲರಾಂ ಬೆಟ್ಟದಲ್ಲಿ. ಅಲ್ಲಿ ಜರ್ಮನ್ ಶೆಫರ್ಡ್ ತಳಿಯ ನಾಯಿಗಳನ್ನ ಸಾಕಿ, ಪೊಲೀಸ್ ಮತ್ತು ಸೈನ್ಯದ ಕೆಲಸಕ್ಕೆ ತರಬೇತಿ ಕೊಡಿಸ್ತಿದ್ದರು. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ನಾಯಿಗಳು ದಾರಿ ತೋರಿಸೋದನ್ನ ಕಣ್ಣಾರೆ ನೋಡಿ ಬಂದು ಆ ಲೇಖನ ಬರೆದಿದ್ದರು.

ಮಾರಿಸ್ ಅವರಿಗೆ ಅಪ್ಪ ಅದನ್ನ ಓದಿ ಹೇಳಿದರು. ನಾಲ್ಕೇ ದಿನಕ್ಕೆ, ನವೆಂಬರ್ 9ರಂದು, ಮಾರಿಸ್ ಯೂಸ್ಟಿಸ್ ಅವರಿಗೆ ಕಾಗದ ಬರೆಸಿದರು. ತನಗೊಂದು ನಾಯಿ ಬೇಕು ಅಂತ ಮಾತ್ರ ಕೇಳಲಿಲ್ಲ. ಹೇಗೆ ಕಲಿಸೋದು ಅನ್ನೋದನ್ನೂ ತಿಳಿದುಕೊಂಡು ಬಂದು, ತನ್ನ ಹಾಗೆ ಇರೋ ಬೇರೆಯವರಿಗೂ ಅಮೆರಿಕದಲ್ಲಿ ಅದನ್ನ ಮುಟ್ಟಿಸ್ತೀನಿ ಅಂತ ಮಾತು ಕೊಟ್ಟರು. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಅದಕ್ಕೂ ಮುಂಚೆ ಒಬ್ಬೊಬ್ಬರೇ ಕಲಿಸ್ತಿದ್ದರು

ನಾಯಿಗೆ ದಾರಿ ತೋರಿಸೋದು ಕಲಿಸುವ ಆಲೋಚನೆ ಅವತ್ತಿನದ್ದಲ್ಲ. 1780ರ ದಶಕದಲ್ಲಿ ವಿಯೆನ್ನಾದಲ್ಲಿ ಜರಡಿ ಮಾಡುವ ಕಸುಬಿನ ಅಂಧ ವ್ಯಕ್ತಿಯೊಬ್ಬರು ತಾವೇ ಒಂದು ಸ್ಪಿಟ್ಜ್ ನಾಯಿಗೆ ಕಲಿಸಿದ್ದರು. ಅವರು ಎಷ್ಟು ಸಲೀಸಾಗಿ ಓಡಾಡ್ತಿದ್ದರು ಅಂದ್ರೆ, ನಿಜವಾಗಿಯೂ ಕಣ್ಣು ಕಾಣಲ್ವಾ ಅಂತ ಜನ ಅನುಮಾನ ಪಡ್ತಿದ್ದರು. ವಿಯೆನ್ನಾದಲ್ಲಿ ಅಂಧರ ಶಾಲೆ ನಡೆಸ್ತಿದ್ದ ಯೋಹಾನ್ ವಿಲ್ಹೆಲ್ಮ್ ಕ್ಲೈನ್ 1819ರ ತಮ್ಮ ಪುಸ್ತಕದಲ್ಲೇ ನಾಯಿಗೆ ಗಟ್ಟಿ ಹಿಡಿಕೆ ಕಟ್ಟುವ ವಿಧಾನ ಬರೆದಿಟ್ಟರು. ಮೆತ್ತಗಿನ ಹಗ್ಗ ಆದ್ರೆ ನಾಯಿ ಎಳೆಯೋದು ಮಾತ್ರ ಗೊತ್ತಾಗುತ್ತೆ. ಗಟ್ಟಿ ಹಿಡಿಕೆ ಇದ್ದರೆ ನಾಯಿ ತಿರುಗಿದ್ದು, ನಿಂತದ್ದು, ಮೆಟ್ಟಿಲ ಮುಂದೆ ತಡೆದದ್ದು ಎಲ್ಲ ಕೈಗೆ ತಿಳಿಯುತ್ತೆ. 1847ರಲ್ಲಿ ಯಾಕೋಬ್ ಬಿರರ್ ಎಂಬ ಸ್ವಿಸ್ ಅಂಧ ವ್ಯಕ್ತಿ, ತಾವೇ ಕಲಿಸಿದ ನಾಯಿ ಜೊತೆ ಐದು ವರ್ಷ ಓಡಾಡಿದ ಅನುಭವ ಬರೆದರು.

ಅಂದ್ರೆ ಸ್ವಂತವಾಗಿ ಕಲಿಸಿ ಗೆದ್ದವರು ಇದ್ದರು. ಆದ್ರೆ ಅವರವರ ವಿದ್ಯೆ ಅವರವರ ಜೊತೆಗೇ ಹೋಗ್ತಿತ್ತು. 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ಯುದ್ಧದಲ್ಲಿ ಅಂಧರಾದವರಿಗಾಗಿ ಶಾಲೆ ತೆರೆದ ಮೇಲೆ ಅದಕ್ಕೊಂದು ಕ್ರಮ ಬಂತು.

ಪಾರ್ಸಲ್‌ನಂತೆ ಹೋದರು

1928ರ ವಸಂತದಲ್ಲಿ ಮಾರಿಸ್ ಹಡಗು ಹತ್ತಿದರು. ಒಬ್ಬ ಅಂಧ ಯುವಕ ಒಂಟಿಯಾಗಿ ಸಮುದ್ರ ದಾಟೋದು ಆಗ ಯಾರೂ ಒಪ್ಪುವ ಮಾತಲ್ಲ. ಕೊನೆಗೆ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯ ಜವಾಬ್ದಾರಿಯಲ್ಲಿ, ಹೆಚ್ಚು ಕಡಿಮೆ ಒಂದು ಪಾರ್ಸಲ್ ಕಳಿಸಿದ ಹಾಗೆ ಅವರನ್ನ ಕಳಿಸಿಕೊಟ್ಟರು. ಹೇಳಿದ ಹೊತ್ತಿಗೆ ಹೊರಗೆ ಸುತ್ತಾಡಿಸೋದು, ಆಮೇಲೆ ಕೋಣೆಗೆ ಬಿಟ್ಟು ಬಾಗಿಲು ಹಾಕೋದು. ಹೀಗೆ ಸಾಗಿತು ಪ್ರಯಾಣ.

ಬೆಟ್ಟದ ಮೇಲೆ ಕಾಯ್ತಿದ್ದವರು ಜ್ಯಾಕ್ ಹಂಫ್ರಿ. ಪ್ರಾಣಿಗಳ ತರಬೇತಿಯಲ್ಲಿ ಪಳಗಿದ ಕೈ. ಆದ್ರೆ ಅಂಧರ ನಾಯಿ ವಿಷಯದಲ್ಲಿ ಅವರೂ ಹೊಸಬರೇ. ಪಾಟ್ಸ್‌ಡ್ಯಾಮ್‌ಗೆ ಹೋಗಿ ಕಲಿತು ಬಂದು ಎರಡು ನಾಯಿಗಳನ್ನ ತಯಾರು ಮಾಡಿದ್ದರು. ಅದರಲ್ಲಿ ಒಂದು ಹೆಣ್ಣು ಶೆಫರ್ಡ್ ಮಾರಿಸ್ ಪಾಲಿಗೆ ಬಂತು. ಅದರ ಹೆಸರು ಕಿಸ್. ನಡುಬೀದಿಯಲ್ಲಿ ನಿಂತು ಮುತ್ತು ಮುತ್ತು ಅಂತ ಕೂಗೋಕೆ ನಾಚಿಕೆ ಆಗಿ ಮಾರಿಸ್ ಅದಕ್ಕೆ ಬಡ್ಡಿ ಅಂತ ಹೆಸರಿಟ್ಟರು. ನಮ್ಮಲ್ಲಿ ಬಡ್ಡಿ ಅಂದ್ರೆ ಸಾಲ ನೆನಪಾಗುತ್ತೆ, ಇಂಗ್ಲಿಷಿನಲ್ಲಿ ಅದಕ್ಕೆ ಗೆಳೆಯ ಅಂತ ಅರ್ಥ.

ನಾಯಿ ಆಗಲೇ ಕಲಿತಿತ್ತು, ಇನ್ನೇನು ಹಿಡಿದುಕೊಂಡು ನಡೆದುಬಿಡೋದು ಅಂತ ಯಾರಿಗಾದ್ರೂ ಅನಿಸಬಹುದು. ಅಲ್ಲೇ ಇರೋದು ವಿಷಯ. ತಯಾರಾದ ನಾಯಿ ಕೈಗೆ ಬಂದ ಮೇಲೂ ಮಾರಿಸ್ ವಾರಗಟ್ಟಲೆ, ದಿನವೂ ಬೆಟ್ಟದಿಂದ ವೆವೇ ಊರಿಗೆ ಇಳಿದು ಬೀದಿ ಬೀದಿ ನಡೆಯಬೇಕಾಯ್ತು. ಕಲಿಯಬೇಕಾಗಿದ್ದು ನಾಯಿ ಅಲ್ಲ, ಮಾರಿಸ್. ಹಿಡಿಕೆಯನ್ನ ಬಿಗಿಯಾಗಿ ಎಳೆದು ಹಿಡಿದರೆ ನಾಯಿ ಹೇಳೋದು ಕೈಗೆ ಗೊತ್ತಾಗಲ್ಲ. ತೀರಾ ಸಡಿಲ ಬಿಟ್ಟರೆ ನಾಯಿಗೆ ಇವರ ನಡಿಗೆ ಗೊತ್ತಾಗಲ್ಲ. ಆಜ್ಞೆ ಕೊಡುವ ದನಿ ಅಳುಕಬಾರದು. ಸರಿ ಮಾಡಿದ ತಕ್ಷಣ ಮೆಚ್ಚುಗೆ ಹೇಳಬೇಕು, ಐದು ನಿಮಿಷ ಆದ ಮೇಲೆ ಹೇಳಿದರೆ ಯಾಕೆ ಮೆಚ್ಚಿದರು ಅಂತ ನಾಯಿಗೆ ತಿಳಿಯಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ದಿನ ಮಾರಿಸ್ ಬಡ್ಡಿ ಜೊತೆ ತಾವೊಬ್ಬರೇ ಊರೊಳಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದರು. ಕರೆದುಕೊಂಡು ಹೋಗೋರಿಲ್ಲ, ಕಾಯೋದಿಲ್ಲ. ಕಣ್ಣು ಹೋದ ಮೇಲೆ ಮೊದಲ ಸಲ ಸ್ವತಂತ್ರ ಅನ್ನಿಸಿದ್ದು ಆ ಕ್ಷೌರದಂಗಡಿಯ ದಾರಿಯಲ್ಲೇ.

ನಾಯಿಗೆ ಏನು ಗೊತ್ತು, ಏನು ಗೊತ್ತಿಲ್ಲ

ಬಹಳ ಜನ ತಪ್ಪು ತಿಳಿದಿರೋದು ಇಲ್ಲಿ. ಅಂಚೆ ಕಚೇರಿಗೆ ಹೋಗು ಅಂದ್ರೆ ನಾಯಿ ಕರೆದುಕೊಂಡು ಹೋಗಲ್ಲ. ದಾರಿ ಮನುಷ್ಯನ ತಲೆಯಲ್ಲಿ ಇರಬೇಕು. ಎಷ್ಟು ಅಡ್ಡರಸ್ತೆ ದಾಟಬೇಕು, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಅಂತ ಲೆಕ್ಕ ಇಟ್ಟುಕೊಂಡು ಹೇಳಬೇಕಾದವರು ಅಂಧ ವ್ಯಕ್ತಿಯೇ. ನಾಯಿಯ ಕೆಲಸ ಗುಂಡಿ, ಕಂಬ, ಜನ, ಗಾಡಿ ತಪ್ಪಿಸಿ ನೇರ ನಡೆಸೋದು, ಮೆಟ್ಟಿಲು ಅಥವಾ ಫುಟ್‌ಪಾತ್ ಅಂಚು ಬಂದಾಗ ನಿಲ್ಲೋದು. ಸಿಗ್ನಲ್ ದೀಪದ ಬಣ್ಣ ನೋಡಿ ರಸ್ತೆ ದಾಟಿಸುತ್ತೆ ಅನ್ನೋದೂ ಸುಳ್ಳು. ಗಾಡಿಗಳ ಸದ್ದು ಕೇಳಿ ದಾಟುವ ತೀರ್ಮಾನ ಮಾಡಬೇಕಾದ್ದು ಮನುಷ್ಯ.

ಹಾಗಾದ್ರೆ ತೀರ್ಮಾನ ತಪ್ಪಾದರೆ? ಆಗ ನಾಯಿ ಮಾತು ಕೇಳಬಾರದು. ಮುಂದೆ ನಡಿ ಅಂದಾಗ ಗಾಡಿ ನುಗ್ಗಿ ಬರ್ತಿದ್ದರೆ ಅಲ್ಲಾಡದೆ ನಿಲ್ಲಬೇಕು. ಎಲ್ಲ ಮಾತು ಕೇಳುವ ನಾಯಿಗೆ, ಯಾವ ಹೊತ್ತಲ್ಲಿ ಮಾತು ಮೀರಬೇಕು ಅಂತ ಕಲಿಸೋದು ಎಷ್ಟು ಕಷ್ಟ ಯೋಚಿಸಿ. ಕುಳಿತುಕೋ, ಕೈ ಕೊಡು ಅಂತ ವಾರದಲ್ಲಿ ಕಲಿಸಬಹುದು. ಇದನ್ನ ವಾರದಲ್ಲಿ ಕಲಿಸೋಕೆ ಯಾರಿಂದಲೂ ಆಗಲ್ಲ.

ಇನ್ನೊಂದು ಪಾಠ ಎತ್ತರದ್ದು. ತಗ್ಗಿದ ಕೊಂಬೆಯ ಕೆಳಗೆ ನಾಯಿ ಆರಾಮಾಗಿ ದಾಟುತ್ತೆ, ಹಿಂದೆ ಬರುವ ಮನುಷ್ಯನ ಮುಖಕ್ಕೆ ಅದು ಬಡಿಯುತ್ತೆ. ತನಗೆ ತಾಗದ ಅಡೆತಡೆಯನ್ನ ಪಕ್ಕದವನಿಗಾಗಿ ಲೆಕ್ಕ ಹಾಕಬೇಕು ಅಂತ ನಾಯಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು. ಮೊದಲ ಕಣ್ಣನ್ನ ಮರದ ಕೊಂಬೆಗೇ ಕಳೆದುಕೊಂಡಿದ್ದ ಮಾರಿಸ್ ಅವರಿಗೆ ಈ ಪಾಠದ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ನ್ಯೂಯಾರ್ಕ್ ಬೀದಿ ದಾಟಿದ ದಿನ

1928ರ ಜೂನ್ 11ರಂದು ಮಾರಿಸ್ ಮತ್ತು ಬಡ್ಡಿ ನ್ಯೂಯಾರ್ಕ್‌ನಲ್ಲಿ ಹಡಗಿನಿಂದ ಇಳಿದರು. ಪತ್ರಿಕೆಯವರು ಗುಂಪುಗೂಡಿದ್ದರು. ನಾಯಿ ಅಂಧರನ್ನ ನಡೆಸುತ್ತೆ ಅಂದ್ರೆ ನಂಬೋರು ಯಾರು? ಬಂದರಿನ ಪಕ್ಕದ ವೆಸ್ಟ್ ಸ್ಟ್ರೀಟ್ ದಾಟಿ ತೋರಿಸಿ ಅಂತ ಸವಾಲು ಹಾಕಿದರು. ಲಾರಿ, ಗಾಡಿಗಳಿಂದ ತುಂಬಿದ್ದ, ಕಣ್ಣಿದ್ದವರೂ ಹೆದರುವ ಅಗಲ ರಸ್ತೆ ಅದು. ಬಡ್ಡಿ ಸ್ವಲ್ಪ ಮುಂದೆ ಹೋಯ್ತು, ನಿಂತಿತು, ಹಿಂದಕ್ಕೆ ಸರಿಯಿತು, ಮತ್ತೆ ಮುಂದೆ ಹೋಯ್ತು. ಗದ್ದಲದಲ್ಲಿ ಮಾರಿಸ್ ಅವರಿಗೆ ದಿಕ್ಕೇ ತಪ್ಪಿತು. ಹಿಡಿಕೆ ಹೇಳಿದ ಹಾಗೆ ಹೆಜ್ಜೆ ಹಾಕೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಇಬ್ಬರೂ ಆಚೆ ದಡ ಸೇರಿದರು. ಗೆದ್ದೆವು ಅನ್ನುವ ಅರ್ಥದ ಒಂದೇ ಪದದ ತಂತಿ ಯೂಸ್ಟಿಸ್ ಅವರಿಗೆ ಹೋಯ್ತು.

ನೋಡಿದವರಿಗೆ ಅದು ಕೆಲವು ನಿಮಿಷದ ಚಮತ್ಕಾರ. ಅದರ ಹಿಂದೆ ಬಡ್ಡಿಗೆ ಕೊಟ್ಟ ತಿಂಗಳುಗಟ್ಟಲೆ ತರಬೇತಿ, ವೆವೇ ಬೀದಿಯಲ್ಲಿ ಮಾರಿಸ್ ಸವೆಸಿದ ಚಪ್ಪಲಿ ಯಾರಿಗೂ ಕಾಣಲಿಲ್ಲ.

ಶಾಲೆ ಕಟ್ಟಿದ್ದು, ಬಾಗಿಲು ತೆರೆಸಿದ್ದು

ಕೊಟ್ಟ ಮಾತಿನ ಪ್ರಕಾರ 1929ರ ಜನವರಿ 29ರಂದು ನ್ಯಾಶ್‌ವಿಲ್‌ನಲ್ಲಿ ದಿ ಸೀಯಿಂಗ್ ಐ ಎಂಬ ಸಂಸ್ಥೆ ನೋಂದಣಿ ಆಯ್ತು. ಹಣ ಹಾಕಿ ಬೆನ್ನಿಗೆ ನಿಂತವರು ಯೂಸ್ಟಿಸ್. ಮೊದಲ ತಂಡದಲ್ಲಿ ಇದ್ದದ್ದು ಎರಡೇ ಜನ, ಇಬ್ಬರೂ ಡಾಕ್ಟರುಗಳು. ದೇಶದ ತುಂಬ ಸಾವಿರಾರು ಜನ ಕಾಯ್ತಿರುವಾಗ ಇಬ್ಬರಿಂದ ಶುರು ಮಾಡೋದಾ ಅಂತ ಅನಿಸಬಹುದು. ಆದ್ರೆ ಕಲಿಸುವವರು ಸಿಗೋದೇ ದೊಡ್ಡ ಕಷ್ಟ ಆಗಿತ್ತು. ಒಬ್ಬ ತರಬೇತುದಾರ ತಯಾರಾಗೋಕೆ ವರ್ಷಗಳು ಬೇಕು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಯಿ ಹಿಂದೆ ನಡೆದು ಕಲಿಯಬೇಕು. ಬಂದ ಎಷ್ಟೋ ಜನ ನಡುವೆಯೇ ಬಿಟ್ಟು ಹೋದರು. ಅರ್ಧಂಬರ್ಧ ಕಲಿತ ನಾಯಿ ಕೊಟ್ಟರೆ ಹೋಗೋದು ಒಬ್ಬರ ಪ್ರಾಣ ಅನ್ನೋದು ಗೊತ್ತಿದ್ದರಿಂದ ಸಂಖ್ಯೆ ಹೆಚ್ಚಿಸೋಕೆ ಅವಸರ ಪಡಲಿಲ್ಲ. ಮುಂದೆ ಸಂಸ್ಥೆ ನ್ಯೂಜೆರ್ಸಿಗೆ ಹೋಯ್ತು. ಇವತ್ತೂ ಅದು ಅಲ್ಲಿನ ಮಾರಿಸ್‌ಟೌನ್‌ನಲ್ಲಿ ನಡೀತಿದೆ.

ನಾಯಿಯನ್ನ ಪೂರ್ತಿ ಪುಕ್ಕಟೆ ಕೊಡ್ತಿರಲಿಲ್ಲ ಅನ್ನೋದು ಗಮನಿಸಬೇಕಾದ ಸಂಗತಿ. ಮೊದಲ ನಾಯಿಗೆ 150 ಡಾಲರ್, ಆಮೇಲಿನ ನಾಯಿಗೆ 50 ಡಾಲರ್. ನಿಜವಾದ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದು ದಾನಿಗಳಿಂದ ಬರ್ತಿತ್ತು. ಆದ್ರೂ ಬೆಲೆ ಇಟ್ಟದ್ದು ಯಾಕಂದ್ರೆ, ಇದು ಭಿಕ್ಷೆ ಅಲ್ಲ, ನನ್ನ ದುಡ್ಡಲ್ಲಿ ತಂದ ನನ್ನ ನಾಯಿ ಅಂತ ಪಡೆದವರು ತಲೆ ಎತ್ತಿ ನಡೀಬೇಕು ಅಂತ.

ನಾಯಿಗೆ ಕಲಿಸಿದ್ದಾಯ್ತು, ಊರಿಗೆ ಕಲಿಸೋದು ಬಾಕಿ ಇತ್ತು. ಹೋಟೆಲ್ ಬಾಗಿಲಲ್ಲೇ ತಡೆಯೋರು. ಅಂಗಡಿಯವರು ನಾಯಿ ಹೊರಗೆ ಕಟ್ಟಿ ಬನ್ನಿ ಅನ್ನೋರು. ರೈಲಿನಲ್ಲಿ ನಾಯಿಯನ್ನ ಲಗೇಜ್ ಡಬ್ಬಿಗೆ ಹಾಕಿ ಅನ್ನೋರು. ಕಣ್ಣನ್ನ ಲಗೇಜ್ ಡಬ್ಬಿಯಲ್ಲಿ ಬಿಟ್ಟು ಯಾರಾದ್ರೂ ಪ್ರಯಾಣ ಮಾಡ್ತಾರಾ? ಮಾರಿಸ್ ಮತ್ತು ಬಡ್ಡಿ ಅಮೆರಿಕ, ಕೆನಡಾ ಸುತ್ತಿದರು. ಅಧ್ಯಕ್ಷರಾದ ಕೂಲಿಡ್ಜ್ ಮತ್ತು ಹೂವರ್ ಅವರನ್ನ ಕಂಡರು. 1935ರ ಹೊತ್ತಿಗೆ ಅಮೆರಿಕದ ಎಲ್ಲ ರೈಲು ಕಂಪನಿಗಳು ಅಂಧರ ನಾಯಿಯನ್ನ ಜೊತೆಯಲ್ಲೇ ಬಿಡೋಕೆ ಒಪ್ಪಿದವು. 1956ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಸ್ಥಳಗಳಿಗೆ ಪ್ರವೇಶ ಕೊಡುವ ಕಾನೂನು ಬಂತು. ಅಂದ್ರೆ ಒಂದು ಬಾಗಿಲು ಪೂರ್ತಿ ತೆರೆಯೋಕೆ ಇಪ್ಪತ್ತೆಂಟು ವರ್ಷ ಹಿಡೀತು.

ಬಡ್ಡಿ ಹೋದ ಮೇಲೆ

1938ರ ಮೇ 23ರಂದು ಬಡ್ಡಿ ತೀರಿಕೊಂಡಿತು. ಹತ್ತು ವರ್ಷ ಮಾರಿಸ್ ಅವರ ಎಡಗೈ ಹಿಡಿಕೆಯಲ್ಲೇ ಇದ್ದ ಜೀವ. ನಾಯಿ ಸಾಕುವವರು ಮೊದಲೇ ಒಪ್ಪಿಕೊಳ್ಳಬೇಕಾದ ಕಹಿ ಲೆಕ್ಕ ಇದು. ಕಲಿಸೋಕೆ ಎಷ್ಟೇ ಶ್ರಮ ಹಾಕಿದರೂ ಅದು ಕೆಲಸ ಮಾಡೋದು ಸುಮಾರು ಎಂಟು ಹತ್ತು ವರ್ಷ. ಆಮೇಲೆ ಮೂಗು, ಕಿವಿ, ಕಾಲು ಸೋಲ್ತವೆ. ಇನ್ನೊಂದು ನಾಯಿ ಬಂದರೆ ಪಾಠ ಮತ್ತೆ ಮೊದಲಿಂದ.

ಮಾರಿಸ್ ಮುಂದೆ ಬಂದ ಎಲ್ಲ ನಾಯಿಗಳಿಗೂ ಬಡ್ಡಿ ಅಂತಲೇ ಹೆಸರಿಟ್ಟರು. ಹೆಸರು ಒಂದೇ ಆದ್ರೂ ಸ್ವಭಾವ ಒಂದೇ ಆಗಿರೋಕೆ ಸಾಧ್ಯ ಇಲ್ಲ. ಒಂದೊಂದರ ನಡಿಗೆಗೂ ಕೈ ಹೊಂದಿಸಿಕೊಳ್ಳಬೇಕು, ಒಂದೊಂದರ ಜೊತೆಗೂ ನಂಬಿಕೆ ಹೊಸದಾಗಿ ಕಟ್ಟಬೇಕು.

1956ರ ತನಕ ಮಾರಿಸ್ ಸಂಸ್ಥೆಗಾಗಿ ಓಡಾಡಿದರು. ಆಮೇಲೆ ಮತ್ತೆ ತಮ್ಮ ಹಳೇ ಕಸುಬಿಗೆ ಮರಳಿ ಮಾರಿಸ್‌ಟೌನ್‌ನಲ್ಲಿ ಇನ್ಶೂರೆನ್ಸ್ ಆಫೀಸು ತೆರೆದರು. 1957ರಲ್ಲಿ ಬ್ಲೇಕ್ ಕ್ಲಾರ್ಕ್ ಜೊತೆ ಸೇರಿ ಬಡ್ಡಿಯ ಕಥೆಯನ್ನ ಪುಸ್ತಕ ಮಾಡಿದರು. 1980ರ ನವೆಂಬರ್ 22ರಂದು, ಎಪ್ಪತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡರು. ಮಾರಿಸ್‌ಟೌನ್‌ನ ಊರ ನಡುವೆ ಅವರಿಬ್ಬರ ಪ್ರತಿಮೆ ಇದೆ. ಮನುಷ್ಯ ಮತ್ತು ನಾಯಿ ಇಬ್ಬರೂ ನಡೀತಿರೋ ಭಂಗಿಯಲ್ಲೇ ಇದ್ದಾರೆ.

ಮನೇಲೇ ಕಲಿಸೋಕೆ ಹೊರಡೋರು ನೆನಪಿಡಬೇಕಾದ್ದು

ಮಾರಿಸ್ ಕಟ್ಟಿದ ಸಂಸ್ಥೆಯಲ್ಲಿ ಇವತ್ತಿಗೂ ಮರಿಯನ್ನ ಮೊದಲು ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆಗಳಲ್ಲಿ ಸಾಕಿ, ಜನ, ಸದ್ದು, ಬೀದಿ ಎಲ್ಲ ರೂಢಿ ಮಾಡಿಸ್ತಾರೆ. ಆಮೇಲೆ ಸುಮಾರು ನಾಲ್ಕು ತಿಂಗಳು ನುರಿತವರಿಂದ ತರಬೇತಿ. ಆಮೇಲೆ ಅಂಧ ವ್ಯಕ್ತಿ ಜೊತೆ ವಾರಗಟ್ಟಲೆ ಅಭ್ಯಾಸ. ಇಷ್ಟೆಲ್ಲ ಮಾಡಿದರೂ ಎಲ್ಲ ನಾಯಿಗಳೂ ಪಾಸಾಗಲ್ಲ. ಕೆಲವಕ್ಕೆ ಪಟಾಕಿ ಸದ್ದಿನ ಭಯ ಹೋಗಲ್ಲ, ಕೆಲವು ಬೆಕ್ಕು ಕಂಡರೆ ತಡೆಯಲ್ಲ. ಅದು ನಾಯಿಯ ತಪ್ಪಲ್ಲ. ಅಂಥವು ಮನೆ ನಾಯಿಯಾಗಿ ಸುಖವಾಗಿ ಇರ್ತವೆ.

ಹಾಗಾಗಿ ಮನೇಲಿ ಕಲಿಸೋರು ಸಣ್ಣ ಗುರಿ ಇಟ್ಟುಕೊಳ್ಳೋದು ಒಳ್ಳೇದು. ಬಿದ್ದ ಕೀಲಿ ಕೈಗೆ ತಂದು ಕೊಡೋದು, ಬಾಗಿಲು ಬಡಿದರೆ ಕಿವಿ ಕೇಳದ ಅಜ್ಜಿಯನ್ನ ಮುಟ್ಟಿ ಎಬ್ಬಿಸೋದು, ಇಂಥದ್ದನ್ನ ತಾಳ್ಮೆಯಿಂದ ಕಲಿಸಬಹುದು. ದಿನಕ್ಕೆ ಹತ್ತು ನಿಮಿಷದ ಪಾಠ ಎರಡು ಮೂರು ಸಲ ಸಾಕು, ನಾಯಿ ಸುಸ್ತಾಗುವ ಮುಂಚೆ ನಿಲ್ಲಿಸಬೇಕು. ನಿನ್ನೆ ಮಾಡಿದ್ದನ್ನ ಇವತ್ತು ಮರೆತರೆ ಹೊಡೆಯೋದಲ್ಲ, ಒಂದು ಹೆಜ್ಜೆ ಹಿಂದೆ ಹೋಗಿ ಸುಲಭದ್ದು ಮಾಡಿಸಬೇಕು. ಹೊಡೆತ ತಿಂದ ನಾಯಿ ಕೈಗೆ ಹೆದರುತ್ತೆ, ಹೆದರಿದ ನಾಯಿ ಆಸರೆ ಆಗಲ್ಲ. ಆದ್ರೆ ಕಣ್ಣು ಕಾಣದವರನ್ನ ಲಾರಿ ಓಡಾಡುವ ರಸ್ತೆ ದಾಟಿಸುವ ಕೆಲಸಕ್ಕೆ ಮಾತ್ರ ನುರಿತವರ ನೆರವು ಇಲ್ಲದೆ ಕೈ ಹಾಕಬಾರದು. ಅಲ್ಲಿ ಒಂದು ತಪ್ಪಿಗೆ ಇನ್ನೊಂದು ಅವಕಾಶ ಇಲ್ಲ.

ಇನ್ನು ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಒಂದು ಮಾತಿದೆ. ಹಿಡಿಕೆ ಕಟ್ಟಿದ ನಾಯಿ ಕಂಡರೆ ಅದು ಡ್ಯೂಟಿಯಲ್ಲಿದೆ ಅಂತ ತಿಳೀಬೇಕು. ಮುಟ್ಟೋದು, ಶಿಳ್ಳೆ ಹಾಕಿ ಕರೆಯೋದು, ಬಿಸ್ಕತ್ತು ಎಸೆಯೋದು ಬೇಡ. ಏನಾದ್ರೂ ಕೇಳೋದಿದ್ದರೆ ನಾಯಿಯನ್ನಲ್ಲ, ಅದರ ಜೊತೆ ಇರುವವರನ್ನ ಕೇಳಿ. ಬಿಳಿ ಕೋಲು ಹಿಡಿದು ಬರುವವರಿಗೂ ಇದೇ ಮಾತು ಅನ್ವಯ. ಕೇಳದೇ ಕೈ ಹಿಡಿದು ಎಳೆಯಬೇಡಿ, ಸಹಾಯ ಬೇಕಾ ಅಂತ ಮೊದಲು ಕೇಳಿ. ಅಂಗಡಿ ಮುಂದಿನ ಫುಟ್‌ಪಾತ್ ಮೇಲಿಟ್ಟ ಬೋರ್ಡು, ಮೂಟೆ, ಬೈಕು ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಅದೂ ದೊಡ್ಡ ಉಪಕಾರವೇ. ಅದಕ್ಕೆ ನಾಯಿಯೂ ಬೇಡ, ತರಬೇತಿಯೂ ಬೇಡ. ಇವತ್ತು ಸಂಜೆ ಷಟರ್ ಎಳೆಯೋದರೊಳಗೆ ಆಗುವ ಕೆಲಸ.